ಮುಪ್ಪಾದ ತೋಪಿನ ಮುಂದಿನ ಫಸಲು

ತಂಡವೊಂದು ಸ್ಟಾರ್ ಆಟಗಾರನನ್ನು ಬಿಟ್ಟುಕೊಟ್ಟರೆ ಜನ ಅಯ್ಯೋ ಅನ್ನುತ್ತಾರೆ. ಮುಂದೆ ಅದೇ ತಂಡ ಗೆದ್ದರೆ ಅದೃಷ್ಟ ಅನ್ನುತ್ತಾರೆ. ಈ ಅದೃಷ್ಟದ ಮಾತು ನನಗೆ ಹಿಡಿಸುವುದಿಲ್ಲ. ಲೆಕ್ಕ ಕಣ್ಣೆದುರಿಗೇ ಇದೆ.

2013ರಲ್ಲಿ ಅಮೆರಿಕದ ಬಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎಯ ಬಾಸ್ಟನ್ ಸೆಲ್ಟಿಕ್ಸ್ ತಂಡ 37 ವರ್ಷದ ಕೆವಿನ್ ಗಾರ್ನೆಟ್ ಮತ್ತು 35ರ ಪಾಲ್ ಪಿಯರ್ಸ್ ಅವರನ್ನು ಬ್ರೂಕ್ಲಿನ್ ನೆಟ್ಸ್‌ಗೆ ಕೊಟ್ಟಿತು. ಬದಲಿಗೆ 2014, 2016, 2018ರ ನೆಟ್ಸ್‌ನ ಮೊದಲ ಸುತ್ತಿನ ಡ್ರಾಫ್ಟ್ ಪಿಕ್‌ಗಳನ್ನು ಪಡೆಯಿತು. ಡ್ರಾಫ್ಟ್ ಅಂದರೆ ತಂಡಗಳು ಸರದಿಯ ಪ್ರಕಾರ ಹೊಸ ಆಟಗಾರರನ್ನು ಆರಿಸಿಕೊಳ್ಳುವ ವಾರ್ಷಿಕ ಆಯ್ಕೆ, ಪಿಕ್ ಅಂದರೆ ಅದರಲ್ಲಿನ ಒಂದು ಸರದಿ. ಜೊತೆಗೆ 2017ರಲ್ಲಿ ಬೇಕೆನಿಸಿದರೆ ನೆಟ್ಸ್ ಜೊತೆ ಪಿಕ್ ಅದಲುಬದಲು ಮಾಡಿಕೊಳ್ಳುವ ಹಕ್ಕು.

ವರ್ಷ ಬಿಟ್ಟು ವರ್ಷ ಯಾಕೆ? 1980ರ ದಶಕದ ಆರಂಭದಲ್ಲಿ ಕ್ಲೀವ್‌ಲ್ಯಾಂಡ್ ತಂಡದ ಮಾಲೀಕ ಟೆಡ್ ಸ್ಟೆಪಿಯನ್ ಪಿಕ್‌ಗಳನ್ನು ಸಿಕ್ಕಾಪಟ್ಟೆ ಕೊಟ್ಟು ತಂಡವನ್ನು ಬರಿದು ಮಾಡಿದರು. ಆಮೇಲೆ ನಿಯಮ ಬಂತು: ಮುಂದಿನ ಯಾವ ಎರಡು ವರ್ಷವೂ ಒಟ್ಟಿಗೆ ಮೊದಲ ಸುತ್ತಿನ ಪಿಕ್ ಇಲ್ಲದಂತೆ ಆಗಬಾರದು. ಅದಲುಬದಲಾದರೆ ಕೈಯಲ್ಲಿ ಒಂದು ಪಿಕ್ ಉಳಿಯುತ್ತದೆ. ಹಾಗಾಗಿ 2017 ಕೂಡ ಒಪ್ಪಂದದೊಳಗೆ ಬಂತು!

ಹೂ ಬಿಡುವ ಮೊದಲೇ ಮಾವಿನ ತೋಪನ್ನು ಗುತ್ತಿಗೆಗೆ ಹಿಡಿಯುತ್ತಾರಲ್ವಾ, ಹಾಗೆ ಇದು. ಆದರೆ ಒಂದು ತಿರುವು ಇದೆ. ಇಲ್ಲಿ ತೋಪು ಸೊರಗಿದಷ್ಟೂ ಗುತ್ತಿಗೆದಾರನಿಗೆ ಹಣ್ಣು ಜಾಸ್ತಿ. ಯಾಕೆಂದರೆ ಸೋತ ತಂಡಕ್ಕೇ ಡ್ರಾಫ್ಟ್‌ನಲ್ಲಿ ಮುಂಚಿನ ಸರದಿ. ನೆಟ್ಸ್ ತಂದುಕೊಂಡದ್ದು ವಯಸ್ಸಾದವರನ್ನು. ಅವರ ಮೊಣಕಾಲು ಸೋಲುವ ಹೊತ್ತಿಗೇ ಪಿಕ್‌ಗಳ ಗಡುವು. ಮೊದಲ ವರ್ಷ ನೆಟ್ಸ್ 44 ಪಂದ್ಯ ಗೆದ್ದಿತು, ಬಾಸ್ಟನ್‌ಗೆ ಸಿಕ್ಕಿದ್ದು ಬರೀ 17ನೇ ಪಿಕ್. 2016ರ ಹೊತ್ತಿಗೆ ಗೆಲುವು 21ಕ್ಕೆ ಇಳಿಯಿತು, ಪಿಕ್ 3ಕ್ಕೆ ಏರಿತು. ಅದರಲ್ಲಿ ಬಂದವರು ಜೇಲನ್ ಬ್ರೌನ್.

ಸೋತ ತಂಡಗಳಲ್ಲಿ ಯಾರಿಗೆ ಮೊದಲ ಪಿಕ್ ಎಂದು ತೀರ್ಮಾನಿಸಲು ಲಾಟರಿ ಇದೆಯಲ್ಲ, ಅದು ಅದೃಷ್ಟವೇ ತಾನೇ ಅನ್ನಬಹುದು. ಆ ಯಂತ್ರವನ್ನೇ ನೋಡಿ. 1ರಿಂದ 14ರವರೆಗೆ ಅಂಕಿ ಬರೆದ ಪಿಂಗ್‌ಪಾಂಗ್ ಚೆಂಡುಗಳು ಒಳಗೆ ಕುಣಿಯುತ್ತಿರುತ್ತವೆ. ನಾಲ್ಕು ಹೊರಬರುತ್ತವೆ. 14, 13, 12, 11 ಗುಣಿಸಿದರೆ 24,024. ನಾಲ್ಕು ಚೆಂಡು ಯಾವ ಕ್ರಮದಲ್ಲಿ ಬಂದರೂ ಒಂದೇ, ಅದಕ್ಕೆ 24ರಿಂದ ಭಾಗಿಸಿ: 1,001 ಜೋಡಣೆ. ಒಂದನ್ನು ಪಕ್ಕಕ್ಕಿಟ್ಟು ಉಳಿದ ಸಾವಿರವನ್ನು ತಂಡಗಳಿಗೆ ಹಂಚುತ್ತಾರೆ. 2017ರಲ್ಲಿ ಎಲ್ಲರಿಗಿಂತ ಕೆಳಗಿದ್ದ ತಂಡಕ್ಕೆ 250. ಆ ತಂಡ ನೆಟ್ಸ್! ಪಗಡೆಯಲ್ಲಿ ದಾಳ ಉರುಳುವುದು ಯಾರ ಕೈಯಲ್ಲೂ ಇಲ್ಲ, ನಿಜ. ಆದರೆ ಬಾಸ್ಟನ್ ನಾಲ್ಕು ವರ್ಷ ಮೊದಲೇ ಕಾಲು ಭಾಗದ ಮನೆಗಳನ್ನು ತನ್ನದು ಮಾಡಿಕೊಂಡಿತ್ತು.

ನೆಟ್ಸ್‌ಗೆ ಮೊದಲ ಪಿಕ್ಕೇ ಬಂತು, ಅದಲುಬದಲಿನ ಹಕ್ಕಿನಿಂದ ಅದು ಬಾಸ್ಟನ್ ಪಾಲಾಯಿತು. ಬಾಸ್ಟನ್ ಅದನ್ನು ಫಿಲಡೆಲ್ಫಿಯಾಗೆ ಕೊಟ್ಟು, 3ನೇ ಪಿಕ್ಕನ್ನೂ ಮುಂದಿನ ಒಂದು ಪಿಕ್ಕನ್ನೂ ಪಡೆದು, ಜೇಸನ್ ಟೇಟಮ್ ಅವರನ್ನು ಆರಿಸಿತು.

2024ರಲ್ಲಿ ಬಾಸ್ಟನ್ ತನ್ನ 18ನೇ ಚಾಂಪಿಯನ್‌ಶಿಪ್ ಗೆದ್ದಿತು. ಫೈನಲ್ಸ್‌ನ ಅತ್ಯುತ್ತಮ ಆಟಗಾರ ಬ್ರೌನ್. ಗಾರ್ನೆಟ್, ಪಿಯರ್ಸ್ ಆಟ ಬಿಟ್ಟು ಆಗಲೇ ಏಳು ವರ್ಷದ ಮೇಲಾಗಿತ್ತು.