ಮೂಲೆ ಸೇರಿದ ಲ್ಯಾಪ್‌ಟಾಪ್ ಮನೆಯ ಸರ್ವರ್ ಆದೀತೇ?

ಪ್ರಶ್ನೆ: ವಿಂಡೋಸ್ 11 ಹಾಕಲು ಬಾರದ ಹಳೆಯ ಲ್ಯಾಪ್‌ಟಾಪ್ ಒಂದು ಮನೆಯಲ್ಲಿದೆ. ಮನೆಮಂದಿಯ ಮೊಬೈಲ್‌ಗಳಲ್ಲಿರುವ ಫೋಟೊ, ವಿಡಿಯೊಗಳನ್ನೆಲ್ಲ ಒಂದೇ ಕಡೆ ಇಡುವ ಸರ್ವರ್ ಆಗಿ ಅದನ್ನು ಬಳಸಬಹುದೇ? ರಾಸ್ಪ್‌ಬೆರಿ ಪೈ ಎಂಬ ಅಂಗೈಯಗಲದ ಕಂಪ್ಯೂಟರ್ ಕೊಳ್ಳುವುದೇ ಸರಿ ಎಂದು ಕೆಲವರು ಹೇಳುತ್ತಾರೆ. ಹಗಲೂ ರಾತ್ರಿ ಓಡಿಸಿದರೆ ಕರೆಂಟ್ ಬಿಲ್ ಎಷ್ಟು ಏರುತ್ತದೆ?

ಉತ್ತರ: ಧಾರಾಳವಾಗಿ ಬಳಸಬಹುದು. ಪೈ ಕೊಳ್ಳಲು ಎತ್ತಿಟ್ಟ ದುಡ್ಡಿದ್ದರೆ ಅದರಲ್ಲಿ ಇನ್ನೊಂದು ಹಾರ್ಡ್ ಡಿಸ್ಕ್ ಕೊಳ್ಳಿ. ಗೂಗಲ್ ಫೋಟೋಸ್ 2021ರ ಜೂನ್ 1ರಿಂದ ಮಿತಿಯಿಲ್ಲದ ಉಚಿತ ಸಂಗ್ರಹವನ್ನು ನಿಲ್ಲಿಸಿ, 15 ಜಿಬಿಯೊಳಗೆ ಎಲ್ಲವನ್ನೂ ಹೊಂದಿಸಿಕೊಳ್ಳಿ ಎಂದಿತು. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ಮುಗಿದು, ಇಂಟೆಲ್‌ನ ಆರನೇ, ಏಳನೇ ತಲೆಮಾರಿನ ಪ್ರೊಸೆಸರ್ ಇರುವ ಗಟ್ಟಿಮುಟ್ಟಾದ ಯಂತ್ರಗಳೂ ಮೂಲೆಗೆ ಸರಿದವು. ಸರ್ವರ್ ಕೆಲಸಕ್ಕೆ ಅವು ಬೇಕಾದಷ್ಟಾಯಿತು.

ಕಡತಗಳನ್ನು ಕೊಡುವುದು, ತೆಗೆದುಕೊಳ್ಳುವುದು ಪ್ರೊಸೆಸರ್‌ಗೆ ಭಾರವಾದ ಕೆಲಸವೇ ಅಲ್ಲ. ವೇಗವನ್ನು ಹಿಡಿದಿಡುವುದು ನಡುವಿನ ತಂತಿ. ಗಿಗಾಬಿಟ್ ಸಂಪರ್ಕದಲ್ಲಿ ಸೆಕೆಂಡಿಗೆ ಸುಮಾರು 110 ಎಂಬಿ ಸಾಗುತ್ತದೆ; 100 ಮೆಗಾಬಿಟ್ ಸಂಪರ್ಕದಲ್ಲಿ 11 ಎಂಬಿ ಸಾಗಿದರೆ ಹೆಚ್ಚು. 50 ಜಿಬಿಯ ಮದುವೆ ವಿಡಿಯೊ ಮೊದಲನೆಯದರಲ್ಲಿ ಎಂಟು ನಿಮಿಷದೊಳಗೆ ಹೋದರೆ, ಎರಡನೆಯದರಲ್ಲಿ ಒಂದೂಕಾಲು ಗಂಟೆ ಹಿಡಿಯುತ್ತದೆ. ಆದ್ದರಿಂದ ಮೊದಲು ನೋಡಬೇಕಾದದ್ದು ರೂಟರ್‌ನ ಪೋರ್ಟ್, ಲ್ಯಾಪ್‌ಟಾಪ್‌ನ ಪೋರ್ಟ್ ಮತ್ತು ಕೇಬಲ್. ಅಗ್ಗದ ರೂಟರ್‌ಗಳಲ್ಲಿ, ಕಡಿಮೆ ಬೆಲೆಯ ಹಳೆಯ ಲ್ಯಾಪ್‌ಟಾಪ್‌ಗಳಲ್ಲಿ 100 ಮೆಗಾಬಿಟ್ ಪೋರ್ಟ್ ಇರುವುದುಂಟು. ಕೇಬಲ್‌ನ ಎಂಟೂ ಎಳೆಗಳು ಕೂಡಿದ್ದರೆ ಮಾತ್ರ ಗಿಗಾಬಿಟ್. ನಾಲ್ಕನ್ನೇ ಜೋಡಿಸಿ ಕ್ಲಿಪ್ ಒತ್ತಿ ಹೋದ ಕೇಬಲ್‌ಗಳು ನಮ್ಮ ಗೋಡೆಗಳಲ್ಲಿ ಕಡಿಮೆಯೇನಿಲ್ಲ. ಲ್ಯಾಪ್‌ಟಾಪ್‌ನಲ್ಲಿ ಪೋರ್ಟ್ ಇಲ್ಲದಿದ್ದರೆ ಯುಎಸ್‌ಬಿ 3 ಗಿಗಾಬಿಟ್ ಅಡಾಪ್ಟರ್ ಸಾಕು. ಮೊಬೈಲ್‌ಗಳು ವೈಫೈಯಲ್ಲಿರಲಿ, ಸರ್ವರ್ ಮಾತ್ರ ತಂತಿಯಲ್ಲೇ ಇರಬೇಕು.

ಈಗ ಕರೆಂಟ್. ಪರದೆ ಆರಿಸಿ ಸುಮ್ಮನಿರುವ ಲ್ಯಾಪ್‌ಟಾಪ್ ಡಿಸ್ಕ್ ಸಮೇತ 12 ವ್ಯಾಟ್ ಎಳೆಯುತ್ತದೆ ಎಂದುಕೊಳ್ಳೋಣ. ತಿಂಗಳಿಗೆ ಒಂಬತ್ತು ಯೂನಿಟ್‌ನೊಳಗೆ ಆಯಿತು. ಡಿಸ್ಕ್ ಜೋಡಿಸಿದ ಪೈ ಇದರ ಅರ್ಧ ಎಳೆಯಬಹುದು. ಯೂನಿಟ್‌ಗೆ ಆರು ರೂಪಾಯಿಯಂತೆ ಹಿಡಿದರೂ ವರ್ಷಕ್ಕೆ ಉಳಿಯುವುದು ಸುಮಾರು ಮುನ್ನೂರು ರೂಪಾಯಿ. ಪೈ, ಅದರ ಅಡಾಪ್ಟರ್, ಪೆಟ್ಟಿಗೆ, ಮೆಮೊರಿ ಕಾರ್ಡ್ ಎಲ್ಲ ಸೇರಿ ಕೆಲವು ಸಾವಿರ ದಾಟುತ್ತದೆ. ಆ ಅಸಲು ಹುಟ್ಟುವ ಹೊತ್ತಿಗೆ ಪೈ ಕೂಡ ಮೂಲೆ ಸೇರಿರುತ್ತದೆ.

ಹಳೆಯ ಡೆಸ್ಕ್‌ಟಾಪ್‌ನ ಲೆಕ್ಕ ಬೇರೆ. 60 ವ್ಯಾಟ್‌ನದು ತಿಂಗಳಿಗೆ 43 ಯೂನಿಟ್ ನುಂಗುತ್ತದೆ. ಕರ್ನಾಟಕದಲ್ಲಿ ಗೃಹಜ್ಯೋತಿ ಪಡೆಯುವ ಮನೆಗೆ ಇದು ಬರೀ 43 ಯೂನಿಟ್‌ನ ಮಾತಲ್ಲ. ಬಳಕೆ 200 ಯೂನಿಟ್ ಮೀರಿದ ತಿಂಗಳು ಪೂರ್ತಿ ಬಿಲ್ ಕಟ್ಟಬೇಕು. 160 ಯೂನಿಟ್ ಸುಡುವ ಮನೆಯಲ್ಲಿ ಡೆಸ್ಕ್‌ಟಾಪ್ ಹಚ್ಚಿಟ್ಟರೆ 203 ಆಗಿ, ಉಚಿತವೆಲ್ಲ ಒಂದೇಟಿಗೆ ಕೈತಪ್ಪುತ್ತದೆ. ಹಾಗಾಗಿ ಡೆಸ್ಕ್‌ಟಾಪ್ ಬೇಡ. ಲ್ಯಾಪ್‌ಟಾಪ್ ಇಲ್ಲದವರು ಕಚೇರಿಗಳು ವಿಲೇವಾರಿ ಮಾಡುವ ಪುಟ್ಟ ಯಂತ್ರಗಳನ್ನು ಹುಡುಕಲಿ. ಲೆನೊವೊ ಥಿಂಕ್‌ಸೆಂಟರ್ ಟೈನಿ, ಡೆಲ್ ಆಪ್ಟಿಪ್ಲೆಕ್ಸ್ ಮೈಕ್ರೊ ಬಗೆಯವು ಬೆಂಗಳೂರಿನ ಎಸ್.ಪಿ. ರಸ್ತೆಯಂಥ ಕಡೆ ಸೆಕೆಂಡ್ ಹ್ಯಾಂಡ್ ಸಿಗುತ್ತವೆ.

ಲ್ಯಾಪ್‌ಟಾಪ್‌ಗಿರುವ ದೊಡ್ಡ ಅನುಕೂಲ ಅದರ ಬ್ಯಾಟರಿ. ದೊಡ್ಡ ಅಪಾಯವೂ ಅದೇ. ಕರೆಂಟ್ ಹೋದಾಗ ಸರ್ವರ್ ನಿಲ್ಲದಂತೆ, ಬರೆಯುತ್ತಿದ್ದ ಕಡತ ಅರ್ಧಕ್ಕೆ ಕಡಿಯದಂತೆ ಅದು ಕಾಯುತ್ತದೆ. ಆದರೆ ಸದಾ ನೂರಕ್ಕೆ ನೂರು ತುಂಬಿ ಬಿಸಿಯಲ್ಲಿ ಕೂತ ಲಿಥಿಯಂ ಬ್ಯಾಟರಿ ಕಾಲಕ್ರಮದಲ್ಲಿ ಉಬ್ಬುತ್ತದೆ. ಟಚ್‌ಪ್ಯಾಡ್ ಮೇಲೆದ್ದಿದೆಯೇ, ಅದನ್ನು ಒತ್ತಿದರೆ ಕ್ಲಿಕ್ ಆಗುತ್ತಿಲ್ಲವೇ, ಮೇಜಿನ ಮೇಲಿಟ್ಟರೆ ತಳ ಅಲುಗಾಡುತ್ತದೆಯೇ ಎಂದು ನೋಡಿ. ಒಂದಾದರೂ ಹೌದೆಂದಾದರೆ ಚುಚ್ಚದೆ, ಮಡಚದೆ ಬ್ಯಾಟರಿಯನ್ನು ಬಿಚ್ಚಿಸಿ ಇ-ತ್ಯಾಜ್ಯ ಕೇಂದ್ರಕ್ಕೆ ಕೊಡಿ. ಹೆಚ್ಚಿನ ಲ್ಯಾಪ್‌ಟಾಪ್‌ಗಳು ಬ್ಯಾಟರಿಯಿಲ್ಲದೆ ಅಡಾಪ್ಟರ್ ಮೇಲೆಯೇ ಓಡುತ್ತವೆ. ಬ್ಯಾಟರಿ ಚೆನ್ನಾಗಿದ್ದರೆ ಚಾರ್ಜ್ ಶೇ 60 ಅಥವಾ 80ಕ್ಕೆ ನಿಲ್ಲುವಂತೆ ಮಾಡಿ. ಹಲವು ಮಾದರಿಗಳಲ್ಲಿ ಯಂತ್ರ ಶುರುವಾಗುವಾಗ ತೆರೆಯುವ ಮೂಲ ಹೊಂದಿಕೆಯಾದ ಬಯೋಸ್‌ನಲ್ಲೇ ಈ ಆಯ್ಕೆ ಇರುತ್ತದೆ.

ಡಿವಿಡಿ ಡ್ರೈವ್ ಇರುವ ಲ್ಯಾಪ್‌ಟಾಪ್ ಆದರೆ ಅದೃಷ್ಟ. ಆ ಡ್ರೈವ್ ಎಳೆದು, ಅದರ ಜಾಗಕ್ಕೆ ಕ್ಯಾಡಿ ಎಂಬ ತಟ್ಟೆ ಹಾಕಿದರೆ ಎರಡೂವರೆ ಇಂಚಿನ ಇನ್ನೊಂದು ಡಿಸ್ಕ್ ಒಳಗೇ ಕೂರುತ್ತದೆ. ಕ್ಯಾಡಿ 9.5 ಮಿಲಿಮೀಟರ್ ಮತ್ತು 12.7 ಮಿಲಿಮೀಟರ್ ದಪ್ಪದಲ್ಲಿ ಬರುತ್ತದೆ. ಡಿವಿಡಿ ಡ್ರೈವ್ ಅಳೆದೇ ಕೊಳ್ಳಿ. ಹಾರ್ಡ್ ಡಿಸ್ಕ್ 2 ಟಿಬಿ ದಾಟಿದರೆ ಸಾಮಾನ್ಯವಾಗಿ 15 ಮಿಲಿಮೀಟರ್ ದಪ್ಪವಾಗಿ ಅಲ್ಲಿ ಹಿಡಿಸುವುದಿಲ್ಲ. ಹೊರಗಿನ 4 ಟಿಬಿ ಡಿಸ್ಕ್ ಒಡೆದು ಒಳಗೆ ಹಾಕುವ ಯೋಚನೆಯಿದ್ದರೆ ಬಿಡಿ. ದಪ್ಪದ ತೊಡಕಿನ ಜೊತೆಗೆ, ಕೆಲವದರಲ್ಲಿ ಯುಎಸ್‌ಬಿ ಕಿಂಡಿಯನ್ನು ಡಿಸ್ಕ್‌ನ ಬೋರ್ಡ್‌ಗೇ ಬೆಸುಗೆ ಹಾಕಿರುತ್ತಾರೆ. ಅಂಥದ್ದನ್ನು ಯುಎಸ್‌ಬಿ 3 ಪೋರ್ಟ್‌ಗೆ ಚುಚ್ಚಿ ಹಾಗೆಯೇ ಬಳಸಿ.

ಕಾರ್ಯಾಚರಣೆ ವ್ಯವಸ್ಥೆಗೆ ನನ್ನ ಆಯ್ಕೆ ಡೆಬಿಯನ್ ಲಿನಕ್ಸ್ ಮೇಲೆ ನಿಂತ ಓಪನ್‌ಮೀಡಿಯಾವಾಲ್ಟ್. ಉಚಿತ, 2 ಜಿಬಿ ರ್‍ಯಾಮ್‌ನಲ್ಲೂ ಓಡುತ್ತದೆ, ಬೇರೆ ಕಂಪ್ಯೂಟರ್‌ನ ಬ್ರೌಸರ್‌ನಿಂದಲೇ ಎಲ್ಲ ಹೊಂದಿಸಬಹುದು. ವ್ಯವಸ್ಥೆಗೊಂದು ಸಣ್ಣ ಎಸ್‌ಎಸ್‌ಡಿ, ಕಡತಗಳಿಗೆ ಬೇರೆ ಡಿಸ್ಕ್ ಎಂಬುದು ಅದರ ಪದ್ಧತಿ. ಇಂಥದ್ದೇ ಇನ್ನೊಂದು ವ್ಯವಸ್ಥೆಯಾದ ಟ್ರೂನಾಸ್ ಕೇಳುವ ಕನಿಷ್ಠ ರ್‍ಯಾಮ್ 8 ಜಿಬಿ, ಯುಎಸ್‌ಬಿ ಡಿಸ್ಕ್‌ಗಳೊಂದಿಗೆ ಅದಕ್ಕೆ ಸರಿಹೋಗುವುದಿಲ್ಲ. ಹಳೆಯ ಲ್ಯಾಪ್‌ಟಾಪ್‌ಗೆ ಅದು ಬೇಡ. ಡಿಸ್ಕ್ ಅನ್ನು ಇಎಕ್ಸ್‌ಟಿ4 ಮಾದರಿಯಲ್ಲಿ ಫಾರ್ಮ್ಯಾಟ್ ಮಾಡಿ, ಸಾಂಬಾ ಎಂಬ ಕಡತ ಹಂಚಿಕೆ ತಂತ್ರಾಂಶದ ಮೂಲಕ ಹಂಚಿದರೆ ವಿಂಡೋಸ್, ಮ್ಯಾಕ್, ಆಂಡ್ರಾಯ್ಡ್ ಎಲ್ಲಕ್ಕೂ ಕಾಣುತ್ತದೆ. ಮುಚ್ಚಳ ಮುಚ್ಚಿದರೆ ಲ್ಯಾಪ್‌ಟಾಪ್ ನಿದ್ರೆಗೆ ಜಾರುತ್ತದೆ. ಅದನ್ನು ತಡೆಯುವ ಹೊಂದಿಕೆಯನ್ನು ಮರೆಯಬೇಡಿ. ಮೊಬೈಲ್‌ನಿಂದ ಫೋಟೊ ತಾನಾಗಿ ಬಂದು ಸೇರಬೇಕೆಂದರೆ ಇಮ್ಮಿಚ್ ಎಂಬ ತಂತ್ರಾಂಶ ಇದೆ. ಅದು ಮುಖಗಳನ್ನು ಗುರುತಿಸಿ ವಿಂಗಡಿಸುವುದರಿಂದ ಅದಕ್ಕೆ ಮಾತ್ರ 8 ಜಿಬಿ ರ್‍ಯಾಮ್ ಇದ್ದರೆ ಒಳ್ಳೆಯದು.

ಇನ್ನು ಆ ಎರಡನೇ ಡಿಸ್ಕ್. ಎರಡು ಡಿಸ್ಕ್ ಇದ್ದವರಿಗೆಲ್ಲ ಎರಡರಲ್ಲೂ ಒಂದೇ ಮಾಹಿತಿ ಬರೆಯುವ ರೇಡ್ ಕಟ್ಟುವ ಉಮೇದು ಬರುತ್ತದೆ. ರೇಡ್‌ನ ಜೋಡಿ ಡಿಸ್ಕ್‌ನಲ್ಲಿ ಒಂದು ಸತ್ತರೆ ಇನ್ನೊಂದು ಕೆಲಸ ಮುಂದುವರಿಸುತ್ತದೆ, ಅಷ್ಟೇ. ಮಗು ಅಳಿಸಿದ ಫೋಲ್ಡರ್ ಆ ಕ್ಷಣವೇ ಎರಡರಲ್ಲೂ ಅಳಿಯುತ್ತದೆ. ಕಳ್ಳ ಬಂದರೆ, ಸಿಡಿಲು ಬಡಿದರೆ ಎರಡೂ ಒಟ್ಟಿಗೇ ಹೋಗುತ್ತವೆ. ಅದರ ಬದಲು ಎರಡನೇ ಡಿಸ್ಕ್‌ಗೆ ವಾರಕ್ಕೊಮ್ಮೆ ನಕಲು ತೆಗೆದು, ಬಿಚ್ಚಿ ಬೀರುವಿನಲ್ಲಿಡಿ. ಊರಲ್ಲಿ ತಂದೆತಾಯಿಯರ ಮನೆಯಿದ್ದರೆ ಮೂರನೆಯದೊಂದು ಅಲ್ಲಿರಲಿ. ಹಬ್ಬಕ್ಕೆ ಹೋದಾಗ ಬದಲಿಸಿಕೊಂಡು ಬಂದರಾಯಿತು. ಹಳೆಯ ಡಿಸ್ಕ್ ಬಳಸುವುದಾದರೆ ಅದು ತನ್ನ ಆರೋಗ್ಯದ ಬಗ್ಗೆ ಕೊಡುವ ಸ್ಮಾರ್ಟ್ ವರದಿಯಲ್ಲಿ 5 ಮತ್ತು 197 ಸಂಖ್ಯೆಯ ಸಾಲು ನೋಡಿ. ಮೊದಲನೆಯದು ಕೆಟ್ಟು ಬದಲಾದ ಸೆಕ್ಟರ್‌ಗಳ (ಡಿಸ್ಕ್‌ನ ಪುಟ್ಟ ತುಣುಕುಗಳ) ಎಣಿಕೆ, ಎರಡನೆಯದು ಓದಲಾಗದೆ ಕಾಯುತ್ತಿರುವವುಗಳದು. ಸೊನ್ನೆ ಇಲ್ಲದಿದ್ದರೆ ಆ ಡಿಸ್ಕ್‌ಗೆ ಮಕ್ಕಳ ಫೋಟೊ ಒಪ್ಪಿಸಬೇಡಿ.

ಹೊರಗಿನಿಂದ ನೋಡಬೇಕೆಂಬ ಆಸೆ ಎಲ್ಲರಿಗೂ ಇರುತ್ತದೆ, ಮಕ್ಕಳು ಪರದೇಶದಲ್ಲಿದ್ದರಂತೂ ಇನ್ನಷ್ಟು. ಅದಕ್ಕಾಗಿ ರೂಟರ್‌ನಲ್ಲಿ ಕಡತ ಹಂಚಿಕೆಯ ಬಾಗಿಲಾದ 445ನೇ ಪೋರ್ಟ್ ತೆರೆಯುವ ಕೆಲಸ ಮಾತ್ರ ಮಾಡಬೇಡಿ. 2017ರ ಮೇ ತಿಂಗಳಲ್ಲಿ ಕಡತಗಳಿಗೆ ಬೀಗ ಹಾಕಿ ಹಣ ಕೇಳುವ ವಾನಾಕ್ರೈ ಹರಡಿದ್ದು ಆ ಬಾಗಿಲಿನಿಂದಲೇ. 2022ರಲ್ಲಿ ಡೆಡ್‌ಬೋಲ್ಟ್ ಎಂಬ ಸುಲಿಗೆ ತಂತ್ರಾಂಶ ಅಂತರ್ಜಾಲಕ್ಕೆ ತೆರೆದಿಟ್ಟ ಕ್ಯುನ್ಯಾಪ್ ಕಂಪನಿಯ ಸಂಗ್ರಹ ಪೆಟ್ಟಿಗೆಗಳಿಗೆ ಬೀಗ ಜಡಿದು ಬಿಟ್‌ಕಾಯಿನ್ ಕೇಳಿತು. ನಮ್ಮಲ್ಲಿ ಅನೇಕ ಮನೆಗಳ ಫೈಬರ್ ಸಂಪರ್ಕಕ್ಕೆ ಹೊರಗಿನಿಂದ ನೇರವಾಗಿ ತಲುಪಬಹುದಾದ ಸ್ವಂತ ಸಾರ್ವಜನಿಕ ಐಪಿ ವಿಳಾಸವೇ ಇಲ್ಲದ್ದರಿಂದ ಪೋರ್ಟ್ ತೆರೆದರೂ ಪ್ರಯೋಜನವಿಲ್ಲ. ಸರ್ವರ್‌ನಲ್ಲೂ ಮೊಬೈಲ್‌ಗಳಲ್ಲೂ ಟೇಲ್‌ಸ್ಕೇಲ್ ಎಂಬ ಖಾಸಗಿ ಜಾಲದ ತಂತ್ರಾಂಶ ಹಾಕಿ ಒಂದೇ ಖಾತೆಗೆ ಸೇರಿಸಿ. ಯಾವ ಪೋರ್ಟನ್ನೂ ತೆರೆಯದೆ, ಗೂಢಲಿಪಿಯ ಸಂಪರ್ಕದಲ್ಲಿ ಮನೆಯ ಕಡತ ದೂರದಲ್ಲಿರುವವರಿಗೂ ಸಿಗುತ್ತದೆ. ಕರೆಂಟ್ ಹೋದಾಗಲೂ ಸಿಗಬೇಕೆಂದರೆ ರೂಟರ್‌ಗೊಂದು 12 ವೋಲ್ಟ್‌ನ ಮಿನಿ ಯುಪಿಎಸ್ ಹಾಕಿಸಿ.