ಪರ್ಮ್‌ಕ್ಯಾತ್ ಎಷ್ಟು ದಿನ ಬರುತ್ತದೆ?

ಪ್ರಶ್ನೆ: ನಮ್ಮ ಮಾವನವರಿಗೆ ಡಯಾಲಿಸಿಸ್‌ಗೆಂದು ಎದೆಯ ಮೇಲೆ ಪರ್ಮ್‌ಕ್ಯಾತ್ ಹಾಕಿದ್ದಾರೆ. ಆರು ತಿಂಗಳಿಗೊಮ್ಮೆ ಬದಲಿಸಲೇಬೇಕಾ?
– ಓದುಗರು, ಡೊಂಬಿವಲಿ, ಮುಂಬೈ

ಬೇಕಿಲ್ಲ. ಪರ್ಮ್‌ಕ್ಯಾತ್ ಅಂದರೆ ಡಯಾಲಿಸಿಸ್ ಯಂತ್ರಕ್ಕೆ ರಕ್ತ ಒಯ್ದು ವಾಪಸ್ ತರುವ ನಳಿಕೆ. ಇದು ತಾರೀಖು ನೋಡಿ ಬದಲಿಸುವ ವಸ್ತು ಅಲ್ಲ. ರಕ್ತ ಚೆನ್ನಾಗಿ ಹರಿಯುತ್ತಿದ್ದು, ಸೋಂಕಿಲ್ಲದಿದ್ದರೆ ಹಾಗೇ ಬಿಡುತ್ತಾರೆ. ಕೆಲವರಿಗೆ ಕೆಲವೇ ವಾರಕ್ಕೆ ಕೈಕೊಡುತ್ತದೆ, ಹಲವರಿಗೆ ತಿಂಗಳುಗಟ್ಟಲೆ ನಡೆಯುತ್ತದೆ, ವರ್ಷ ದಾಟಿದವರೂ ಇದ್ದಾರೆ.

ಶುರುವಿನಲ್ಲಿ ಕುತ್ತಿಗೆಗೆ ಹಾಕುವ ತಾತ್ಕಾಲಿಕ ನಳಿಕೆಯನ್ನು ಸಾಮಾನ್ಯವಾಗಿ ಎರಡು ವಾರಕ್ಕಿಂತ ಜಾಸ್ತಿ ಇಡುವುದಿಲ್ಲ. ಪರ್ಮ್‌ಕ್ಯಾತ್ ಹಾಗಲ್ಲ. ಅದು ಚರ್ಮದಡಿ ಸ್ವಲ್ಪ ದೂರ ಸಾಗಿ ಆಮೇಲೆ ರಕ್ತನಾಳ ಸೇರುತ್ತದೆ. ಚರ್ಮದಡಿಯ ಆ ಭಾಗದಲ್ಲಿ ನಳಿಕೆಯ ಸುತ್ತ ಬಟ್ಟೆಯಂಥ ಒಂದು ಪಟ್ಟಿ ಇರುತ್ತದೆ, ಅದೇ ಕಫ್. ಮೂರ್ನಾಲ್ಕು ವಾರದಲ್ಲಿ ಮೈಯ ಮಾಂಸ ಅದರೊಳಗೆ ಬೆಳೆದು ನಳಿಕೆಯನ್ನು ಗಟ್ಟಿಯಾಗಿ ಹಿಡಿಯುತ್ತದೆ. ಹೊರಗಿನ ಕ್ರಿಮಿಗಳಿಗೂ ಅದು ಅಡ್ಡ. ಅಲ್ಲಿಯವರೆಗೆ ಹೊಲಿಗೆಯೇ ಆಧಾರ. ಆ ವಾರಗಳಲ್ಲಿ ಮಾವನವರನ್ನು ದಯವಿಟ್ಟು ಬೆಳಗಿನ ಲೋಕಲ್‌ನ ನೂಕುನುಗ್ಗಲಿಗೆ ಹತ್ತಿಸಬೇಡಿ. ಕಫ್ ಯಾವತ್ತಾದರೂ ಹೊರಗೆ ಕಂಡರೆ ಅವತ್ತೇ ಆಸ್ಪತ್ರೆಗೆ ಹೋಗಿ.

ನಳಿಕೆ ಕೆಡುವುದು ಹೆಚ್ಚಾಗಿ ಎರಡು ಕಾರಣಕ್ಕೆ. ಒಂದು, ಒಳಗೆ ರಕ್ತ ಹೆಪ್ಪುಗಟ್ಟುವುದು. ಇದನ್ನು ತಡೆಯಲೆಂದೇ ಪ್ರತಿ ಡಯಾಲಿಸಿಸ್ ಮುಗಿದ ಮೇಲೆ ಸಾಮಾನ್ಯವಾಗಿ ಹೆಪಾರಿನ್ ತುಂಬಿ ಮುಚ್ಚಳ ಹಾಕುತ್ತಾರೆ. ಆದರೂ ಹರಿವು ಕಡಿಮೆಯಾದರೆ ಹೆಪ್ಪು ಕರಗಿಸುವ ಔಷಧಿ ಇದೆ, ಅದಕ್ಕೂ ಬಗ್ಗದಿದ್ದರೆ ಹೊಸದು. ಇನ್ನೊಂದು ಸೋಂಕು. ನನಗೆ ಹೆಚ್ಚು ಭಯ ಇದರದ್ದೇ. ಡಯಾಲಿಸಿಸ್ ಶುರುವಾಗಿ ಸ್ವಲ್ಪ ಹೊತ್ತಿಗೆ ಗಡಗಡ ನಡುಕ ಬಂದರೆ ಎಸಿ ಜಾಸ್ತಿಯಾಯಿತು ಅಂತ ಸುಮ್ನೆ ಕೂರಬೇಡಿ, ಆ ಕ್ಷಣವೇ ಸಿಸ್ಟರ್‌ಗೆ ಹೇಳಿ. ಸೋಂಕು ರಕ್ತಕ್ಕೆ ಹರಡಿದರೆ ಜೀವಕ್ಕೇ ಅಪಾಯ.

ಮುಂಬೈ ಮಳೆಗಾಲದ ಸೆಕೆಗೆ ನಳಿಕೆಯ ಮೇಲೆ ಅಂಟಿಸಿದ ಬ್ಯಾಂಡೇಜಿನಡಿ ಬೆವರುತ್ತದೆ, ಅಂಚು ಬಿಡುತ್ತದೆ. ಒದ್ದೆಯಾದರೆ ಡಯಾಲಿಸಿಸ್ ಯೂನಿಟ್‌ಗೆ ಫೋನ್ ಮಾಡಿ ಬದಲಿಸಿಕೊಳ್ಳಿ. ಸ್ನಾನಕ್ಕೆ ಹೆಗಲ ಮೇಲಿಂದ ನೀರು ಬೇಡ, ಮೈ ಒರೆಸಿದರೆ ಸಾಕು.

ನೀವು ಕೇಳದಿದ್ದರೂ ಒಂದು ಮಾತು ಹೇಳಲೇಬೇಕು. ಸೂಜಿ ಚುಚ್ಚುವ ನೋವಿಲ್ಲವಲ್ಲ ಅಂತ ಇದರಲ್ಲೇ ಆರಾಮವಾಗಿ ಇದ್ದುಬಿಡಬೇಡಿ. ನಳಿಕೆ ಇದ್ದಷ್ಟು ದಿನ ಸೋಂಕಿನ ಅಪಾಯ ತಪ್ಪಿದ್ದಲ್ಲ. ದೊಡ್ಡ ರಕ್ತನಾಳ ಕಿರಿದಾಗಲೂಬಹುದು. ಇದಕ್ಕೆ ಬದಲು ಕೈಯಲ್ಲಿ ಎರಡು ರಕ್ತನಾಳ ಜೋಡಿಸಿ, ಅಲ್ಲಿ ಸೂಜಿ ಚುಚ್ಚಿ ಡಯಾಲಿಸಿಸ್ ಮಾಡುವ ವ್ಯವಸ್ಥೆಯೇ ಫಿಸ್ಟುಲಾ. ಅದು ಬಳಕೆಗೆ ಬರಲು ಆರು ವಾರದಿಂದ ಮೂರು ತಿಂಗಳಾದರೂ ಬೇಕು. ಆದ್ದರಿಂದ ಈಗಲೇ ವೈದ್ಯರನ್ನು ಕೇಳಿ. ಯಾವ ಕೈಗೆ ಮಾಡುತ್ತಾರೋ ಆ ಕೈಗೆ ಡಯಾಲಿಸಿಸ್ ಬಿಟ್ಟು ಬೇರೆ ಸೂಜಿ, ಬಿಪಿ ಪಟ್ಟಿ ಎರಡೂ ಬೇಡ. ನಾಳ ತೀರಾ ಸಣ್ಣದಿದ್ದರೆ ಅಥವಾ ಹೃದಯ ದುರ್ಬಲವಾಗಿದ್ದರೆ ವೈದ್ಯರೇ ಪರ್ಮ್‌ಕ್ಯಾತ್‌ನಲ್ಲಿ ಮುಂದುವರಿಸಬಹುದು.