ಕಳಿಸುವ ಮುಂಚೆ ಒಂದು ಫೋನ್ ಮಾಡಿ

ಕುಷ್ಟಗಿ ತಾಲ್ಲೂಕಿನ ಒಂದು ಗ್ರಾಮ ಪಂಚಾಯಿತಿಯ ಅರಿವು ಕೇಂದ್ರದಲ್ಲಿ ನಾನು ಗ್ರಂಥಾಲಯ ಮೇಲ್ವಿಚಾರಕ. ಪೇಪರ್ ಓದಲು ಬರುವವರಿದ್ದಾರೆ, ಪರೀಕ್ಷೆಗೆ ಓದುವ ಹುಡುಗರಿದ್ದಾರೆ. ಆದರೆ ವಯಸ್ಸಾದವರು ಹೆಚ್ಚಾಗಿ ಬರುವುದು ಕೇಳಲಿಕ್ಕೆ. "ಪಗಾರ ನಿಂತೈತಿ ತಮ್ಮಾ, ಯಾರನ್ನ ಕಾಣಬೇಕು?" (ಪಿಂಚಣಿಗೆ ನಮ್ಮ ಕಡೆ ಪಗಾರ ಅಂತಾರೆ.) "ಮಗನ ಅಂಗವಿಕಲ ಕಾರ್ಡ್ ಎಲ್ಲಿ ಮಾಡಿಸ್ತಾರ್ರಿ?"

ಇಂಥ ಪ್ರಶ್ನೆಗೆ ಊರಲ್ಲಿ ಉತ್ತರ ಹೇಳುವವರಿಗೆ ಬರವಿಲ್ಲ. ವಾಟ್ಸಾಪ್‌ನಲ್ಲಿ ಸುಳ್ಳು ಯೋಜನೆಗಳೂ ಬರುತ್ತವೆ. ಆದರೆ ಜನರನ್ನು ಜಾಸ್ತಿ ಅಲೆಸುವುದು ಸುಳ್ಳಲ್ಲ, ಹಳತಾದ ನಿಜ. ಕಚೇರಿ ಬೇರೆ ಕಟ್ಟಡಕ್ಕೆ ಹೋಗಿರುತ್ತದೆ. ಸಾಹೇಬರು ವರ್ಗವಾಗಿರುತ್ತಾರೆ. ವೈದ್ಯಕೀಯ ತಪಾಸಣೆಯ ದಿನ ಬದಲಾಗಿರುತ್ತದೆ. ಕೂಲಿ ಬಿಟ್ಟು, ಬಸ್ ಹತ್ತಿ ಕೊಪ್ಪಳಕ್ಕೆ ಹೋದವರಿಗೆ "ಮುಂದಿನ ವಾರ ಬರ್ರಿ" ಅಂದರೆ ಅವರ ಕೂಲಿಯೂ ಹೋಯಿತು, ಜೊತೆಗೆ ಹೋದವರ ಕೂಲಿಯೂ ಹೋಯಿತು. ಎರಡು ಸಲ ಹೀಗಾದರೆ ಮೂರನೇ ಸಲ ಅವರು ಮನೆಯಿಂದ ಹೊರಡುವುದೇ ಇಲ್ಲ. ಸಿಗಬೇಕಾದ ಸೌಲಭ್ಯ ಅಲ್ಲಿಗೇ ನಿಂತುಬಿಡುತ್ತದೆ.

ಅದಕ್ಕೇ ನಮ್ಮಲ್ಲಿ ಒಂದು ರಿಜಿಸ್ಟರ್ ಇದೆ. ಯಾವ ಕೆಲಸ, ಯಾರನ್ನು ಕಾಣಬೇಕು, ಯಾವ ದಿನ, ಯಾವ ಕಾಗದ, ಝೆರಾಕ್ಸ್ ಸಾಕೋ ಒರಿಜಿನಲ್ ಬೇಕೋ. ಕೊನೆಯ ಕಾಲಂ ನನಗೆ ಬಹಳ ಮುಖ್ಯ: ಕಚೇರಿಗೆ ಫೋನ್ ಮಾಡಿ ಕೇಳಿದ ತಾರೀಕು, ಉತ್ತರ ಕೊಟ್ಟವರ ಹುದ್ದೆ. ಆ ತಾರೀಕಿಗೆ ಮೂರು ತಿಂಗಳಾಗಿದ್ದರೆ ಮತ್ತೊಮ್ಮೆ ಕೇಳದೆ ಯಾರನ್ನೂ ಕಳಿಸುವುದಿಲ್ಲ. ಹೋಗಿ ಬಂದವರನ್ನೂ ಬಿಡದೆ ವಿಚಾರಿಸುತ್ತೇನೆ. "ಅಲ್ಲಿ ರೇಷನ್ ಕಾರ್ಡ್ ಝೆರಾಕ್ಸ್ ಕೇಳಿದ್ರು ಸರ" ಅಂದರೆ ಅವತ್ತೇ ರಿಜಿಸ್ಟರಿಗೆ ಸೇರುತ್ತದೆ.

ಪಗಾರದ ವಿಷಯ ಸ್ವಲ್ಪ ವಿವರವಾಗಿ ಹೇಳಬೇಕು. ಒಬ್ಬ ಅಜ್ಜಿ ಪೋಸ್ಟ್ ಆಫೀಸಿನ ಪಾಸ್‌ಬುಕ್ ತಂದು ಮೇಜಿನ ಮೇಲಿಟ್ಟರು. ಎಂಟ್ರಿ ನಿಂತುಹೋಗಿತ್ತು. ಲಿಸ್ಟಿನಿಂದ ಹೆಸರು ಹೋಗಿದೆ, ಹೊಸ ಅರ್ಜಿ ಹಾಕಬೇಕು ಅಂತ ಯಾರೋ ಹೇಳಿದ್ದರು. ಸರ್ಕಾರದ ಹಣ ಯಾವ ಖಾತೆಗೆ ಬಂದಿದೆ ಅಂತ ತೋರಿಸುವ ಡಿಬಿಟಿ ಕರ್ನಾಟಕ ಆ್ಯಪ್ ಅನ್ನು ಮೊಮ್ಮಗನ ಮೊಬೈಲಿನಲ್ಲಿ ಹಾಕಿ ನೋಡಿದೆವು. ಹಣ ತಿಂಗಳು ತಿಂಗಳೂ ಬರುತ್ತಲೇ ಇತ್ತು, ಬೇರೆ ಬ್ಯಾಂಕಿಗೆ. ಸ್ವಸಹಾಯ ಸಂಘದ ಸಾಲಕ್ಕಾಗಿ ತೆರೆದ ಖಾತೆಗೆ ಆಧಾರ್ ಜೋಡಣೆಯಾಗಿತ್ತು. ಪಿಂಚಣಿ ಆಧಾರ್ ಮೂಲಕ ಬರುವುದರಿಂದ ಯಾವ ಖಾತೆಗೆ ಕೊನೆಗೆ ಜೋಡಣೆಯಾಗಿದೆಯೋ ಅದಕ್ಕೇ ಹೋಗುತ್ತದೆ. ಹೊಸ ಅರ್ಜಿ ಬೇಕಿರಲಿಲ್ಲ, ಏಜೆಂಟರೂ ಬೇಕಿರಲಿಲ್ಲ. ಪಗಾರ ನಿಂತಿತು ಅಂದ ಕೂಡಲೇ ನಾಡಕಚೇರಿಗೆ ಓಡಬೇಡಿ. ಹಣ ಯಾವ ಖಾತೆಗೆ ಹೋಗುತ್ತಿದೆ ಅಂತ ಮೊದಲು ನೋಡಿ.

ಹೊಸದಾಗಿ ಅರ್ಜಿ ಹಾಕುವುದೇ ಆದರೆ ಸ್ವೀಕೃತಿ ತೆಗೆದುಕೊಳ್ಳದೆ ಬರಬೇಡಿ. 2011ರ ಸಕಾಲ ಕಾಯ್ದೆಗೆ ಸೇರಿದ ಸೇವೆಗಳಿಗೆ ನಂಬರ್ ಇರುವ ಸ್ವೀಕೃತಿ ಕೊಡಲೇಬೇಕು. ಆ ನಂಬರ್ ಇದ್ದರೆ ಅರ್ಜಿ ಯಾರ ಟೇಬಲ್ ಮೇಲಿದೆ ಅಂತ ಗಟ್ಟಿಯಾಗಿ ಕೇಳಬಹುದು. ಇಲ್ಲದಿದ್ದರೆ ಕೊಟ್ಟೆವು ಅನ್ನಲು ಆಧಾರವೇ ಇರುವುದಿಲ್ಲ.

ಅಂಗವಿಕಲ ಕಾರ್ಡ್, ಅಂದರೆ ಯುಡಿಐಡಿ, ಕೈಕಾಲಿನ ತೊಂದರೆ ಇದ್ದವರಿಗೆ ಮಾತ್ರ ಅಂತ ಬಹಳ ತಂದೆತಾಯಿ ತಿಳಿದಿದ್ದಾರೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ 21 ಬಗೆಯ ಅಂಗವೈಕಲ್ಯಗಳಿವೆ. ಬುದ್ಧಿಮಾಂದ್ಯತೆ, ಕಲಿಕೆಯ ತೊಂದರೆ, ತಲಸ್ಸೇಮಿಯಾ ಕೂಡ ಸೇರಿವೆ. ಪಂಚಾಯಿತಿ ಮಟ್ಟದಲ್ಲಿ ವಿಆರ್‌ಡಬ್ಲ್ಯು, ಅಂದರೆ ಅಂಗವಿಕಲರಿಗೆ ನೆರವಾಗುವ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ಇರುತ್ತಾರೆ, ಅವರನ್ನು ಮೊದಲು ಕಾಣಿ.

ಸಹಾಯವಾಣಿ ನಂಬರ್ ಬರೆದು ಗೋಡೆಗೆ ಅಂಟಿಸಿದ ಚೀಟಿ ಎಲ್ಲರಿಗೂ ಉಪಯೋಗಕ್ಕೆ ಬರುವುದಿಲ್ಲ. ಮನೆಯಲ್ಲಿ ಹೊಡೆತ ತಿನ್ನುವ ಹೆಣ್ಣುಮಗಳು ನಾಲ್ಕು ಗಂಡಸರ ಮುಂದೆ ನಿಂತು ನಂಬರ್ ಬರೆದುಕೊಳ್ಳುತ್ತಾಳಾ? ಇಲ್ಲ ಅಲ್ವಾ. ಅದಕ್ಕೇ ಮಹಿಳಾ ಸಹಾಯವಾಣಿ 181, ಮಕ್ಕಳ ಸಹಾಯವಾಣಿ 1098, ಇವೆರಡನ್ನೂ ಶಾಲೆ ಮಕ್ಕಳಿಗೆ ಬಾಯಿಪಾಠ ಮಾಡಿಸಿದ್ದೇನೆ. ಮಕ್ಕಳ ಬಾಯಲ್ಲಿ ಅದು ಮನೆ ಸೇರುತ್ತದೆ. ದೌರ್ಜನ್ಯಕ್ಕೆ ಒಳಗಾದ ಹೆಣ್ಣುಮಕ್ಕಳಿಗಾಗಿ ಇರುವ ಜಿಲ್ಲೆಯ ಸಖಿ ಕೇಂದ್ರದಲ್ಲಿ ಚಿಕಿತ್ಸೆ, ಪೊಲೀಸ್ ನೆರವು, ಕಾನೂನು ಸಲಹೆ ಒಂದೇ ಕಡೆ ಸಿಗುತ್ತವೆ, ಕೆಲವು ದಿನ ಉಳಿಯಲು ಜಾಗವೂ ಇರುತ್ತದೆ. ಆಶಾ ಕಾರ್ಯಕರ್ತೆಯರಿಗೆ ಈ ದಾರಿ ಗೊತ್ತಿರುತ್ತದೆ. ಅವರ ಹತ್ತಿರ ಮಾತಾಡಿದರೆ ಯಾರಿಗೂ ಅನುಮಾನ ಬರುವುದಿಲ್ಲ.

ವಕೀಲರಿಗೆ ಕೊಡಲು ದುಡ್ಡಿಲ್ಲ ಅಂತ ಸುಮ್ಮನೆ ಕೂತವರು ಇನ್ನೂ ಬಹಳ ಮಂದಿ ಇದ್ದಾರೆ. ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರು ಎಷ್ಟೇ ಆದಾಯ ಇದ್ದರೂ ಉಚಿತ ಕಾನೂನು ನೆರವು ಕೇಳಬಹುದು. ಕಾನೂನು ನೆರವಿನ ಸಹಾಯವಾಣಿ ನಂಬರ್ 15100.